ಟ್ಯಾಬ್ ಒತ್ತಿ ಮಾತನಾಡುವ ಮಗುವಿಗೆ ರಿಸೆಸ್‌ನಲ್ಲಿ ಜೊತೆ ಯಾರು?

ಡೊಂಬಿವಲಿಯ ತಾಯಿ:

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಒಂಬತ್ತು ವರ್ಷ, ಇಂಗ್ಲಿಷ್ ಮಾಧ್ಯಮದಲ್ಲಿ ನಾಲ್ಕನೆಯ ತರಗತಿ. ಸೆರೆಬ್ರಲ್ ಪಾಲ್ಸಿಯಿಂದಾಗಿ (ಮೆದುಳಿನ ತೊಂದರೆಯಿಂದ ಸ್ನಾಯುಗಳು ಹತೋಟಿಗೆ ಬಾರದ ಸ್ಥಿತಿ) ಅವನ ಮಾತು ಮನೆಯವರಾದ ನಮಗೆ ಮಾತ್ರ, ಅದೂ ಅರ್ಧಂಬರ್ಧ, ತಿಳಿಯುತ್ತದೆ. ಚಿತ್ರ ಒತ್ತಿದರೆ ಮಾತಾಗುವ ಆ್ಯಪ್ ಹಾಕಿದ ಟ್ಯಾಬನ್ನು ಎರಡು ವರ್ಷಗಳಿಂದ ಬಳಸುತ್ತಿದ್ದಾನೆ. ಪಾಠದ ವಿಷಯದಲ್ಲಿ ನನ್ನ ದೂರು ಏನೂ ಇಲ್ಲ. ಪ್ರಶ್ನೆ ಕೇಳಿದರೆ ಉತ್ತರ ಒತ್ತುತ್ತಾನೆ, ಟೀಚರ್ ಹೊಗಳುತ್ತಾರೆ, ಇಡೀ ತರಗತಿ ಚಪ್ಪಾಳೆ ತಟ್ಟುತ್ತದೆ. ಆದರೆ ಆ ಚಪ್ಪಾಳೆಯೇ ಈಚೆಗೆ ನನಗೆ ಇರುಸುಮುರುಸು ತರುತ್ತಿದೆ, ಏಕೆಂದರೆ ಪಕ್ಕದ ಬೆಂಚಿನ ಹುಡುಗ ಏಳೆಂಟು ಐವತ್ತಾರು ಎಂದಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಕಳೆದ ತಿಂಗಳು ಅವನು ಮರೆತುಹೋದ ಪುಸ್ತಕವನ್ನು ಕೊಡಲು ಶಾಲೆಗೆ ಹೋದಾಗ ರಿಸೆಸ್ ನಡೆದಿತ್ತು. ಕಾರಿಡಾರಿನ ಕಂಬದ ಮರೆಯಲ್ಲಿ ನಿಂತು ಇಪ್ಪತ್ತು ನಿಮಿಷ ನೋಡಿದೆ. (ಕದ್ದು ನೋಡಿದ್ದು ಸರಿಯಲ್ಲವೆಂದು ಗೊತ್ತು, ಬೈಯಬೇಡಿ.) ಅಷ್ಟು ಹೊತ್ತಿನಲ್ಲಿ ಅವನು ಟ್ಯಾಬನ್ನು ಏಳು ಸಲ ಒತ್ತಿದ. ಐದು ಸಲ ಶ್ಯಾಡೋ ಟೀಚರಿಗೆ, ಅಂದರೆ ಶಾಲೆಯಲ್ಲಿ ಅವನ ಜೊತೆಗಿದ್ದು ನೋಡಿಕೊಳ್ಳುವ ಸಹಾಯಕರಿಗೆ: ‘ನೀರು’, ‘ಸಾಕು’, ‘ಬಾಯಿ ಒರೆಸಿ’ ಇಂಥವು. ಒಂದು ಸಲ ಬೆರಳು ಜಾರಿ ಒತ್ತಿದ್ದು. ಉಳಿದ ಒಂದು ಸಲ, ಡಬ್ಬಿ ಹಿಡಿದು ಹಾದುಹೋಗುತ್ತಿದ್ದ ಒಬ್ಬ ಹುಡುಗನಿಗೆ ‘ಹಲೋ’ ಎಂದ. ಆ ಹುಡುಗ ನಿಂತ, ತಾನೂ ‘ಹಲೋ’ ಎಂದ, ಇನ್ನೇನೋ ಬರಬಹುದೆಂದು ಸ್ವಲ್ಪ ಕಾದ. ನನ್ನ ಮಗನ ಬೆರಳು ಮುಂದಿನ ಚಿತ್ರವನ್ನು ಹುಡುಕುತ್ತಿರುವಾಗಲೇ ಶ್ಯಾಡೋ ಟೀಚರ್ ನಡುವೆ ಬಂದು, ‘ನೋಡು, ನಿನಗೆ ಹಲೋ ಹೇಳುತ್ತಿದ್ದಾನೆ, ವೆರಿ ಗುಡ್’ ಎಂದರು. ಹುಡುಗ ತಲೆಯಾಡಿಸಿ ಹೊರಟುಹೋದ.

ಹುಟ್ಟುಹಬ್ಬಕ್ಕೆ ಕರೆದರೆ ತರಗತಿಯ ಬಹುಪಾಲು ಮಕ್ಕಳು ನಮ್ಮ ಮನೆಗೆ ಬರುತ್ತಾರೆ. ಇವನನ್ನು ಮಾತ್ರ ಈ ಎರಡು ವರ್ಷಗಳಲ್ಲಿ ಯಾರೂ ತಮ್ಮ ಮನೆಗೆ ಕರೆದಿಲ್ಲ. ನಿಮ್ಮಲ್ಲಿ ಯಾರಾದರೂ ಇದನ್ನು ದಾಟಿ ಬಂದಿದ್ದರೆ ಹೇಗೆಂದು ಹೇಳಿ. ‘ಮಕ್ಕಳಿಗೆ ಮಾನವೀಯತೆ ಕಲಿಸಬೇಕು’ ಎಂಬಂಥ ಉತ್ತರಗಳನ್ನು ಸಾಕಷ್ಟು ಕೇಳಿದ್ದೇನೆ.

ಮಾಟುಂಗಾದ ನಿವೃತ್ತ ಶಿಕ್ಷಕಿ:

ಡೊಂಬಿವಲಿಯ ತಂಗಿಗೆ, ನಿಮ್ಮ ಪತ್ರ ಓದಿ ನನ್ನದೊಂದು ಹಳೆಯ ತಪ್ಪು ನೆನಪಾಯಿತು. ಮೂವತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಕಲಿಸಿದವಳು ನಾನು. ಕೊನೆಯ ವರ್ಷಗಳಲ್ಲಿ ನನ್ನ ತರಗತಿಗೆ ಚಿತ್ರಗಳ ಪುಸ್ತಕ ತೋರಿಸಿ ಮಾತನಾಡುವ ಹುಡುಗಿಯೊಬ್ಬಳು ಬಂದಳು. ನಾನು ಬಹಳ ಉತ್ಸಾಹದಿಂದ ‘ಸಹಾಯಕರ ಪಟ್ಟಿ’ ಮಾಡಿದೆ. ಸೋಮವಾರ ಇಬ್ಬರು, ಮಂಗಳವಾರ ಇಬ್ಬರು, ಹೀಗೆ. ಪಟ್ಟಿಯನ್ನು ಬಣ್ಣದ ಕಾಗದದ ಮೇಲೆ ಬರೆದು ಗೋಡೆಗೂ ಅಂಟಿಸಿದೆ. ಆರು ವಾರ ಅದು ಗಡಿಯಾರದಂತೆ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಆ ಹುಡುಗಿಯ ಪಕ್ಕದಲ್ಲಿ ಯಾರೂ ಕುಳಿತಿರಲಿಲ್ಲ. ಏಕೆಂದು ಕೇಳಿದರೆ ಒಬ್ಬಳು ತೀರಾ ಸಹಜವಾಗಿ, ‘ಬಾಯಿ, ಇವತ್ತು ನಮ್ಮ ಪಾಳಿ ಅಲ್ಲ’ ಎಂದಳು. (ಟೀಚರನ್ನು ಮಕ್ಕಳು ‘ಬಾಯಿ’ ಎಂದೇ ಕರೆಯುತ್ತಿದ್ದರು.)

ನಾನು ಮಕ್ಕಳಿಗೆ ಗೆಳತಿಯನ್ನು ಕೊಡಲಿಲ್ಲ, ಡ್ಯೂಟಿ ಕೊಟ್ಟೆ. ತರಗತಿಯಲ್ಲಿ ಕಪ್ಪುಹಲಗೆ ಒರೆಸುವವರಿದ್ದರು, ಹಾಜರಿ ಪುಸ್ತಕ ತರುವವರಿದ್ದರು, ಇವಳನ್ನು ನೋಡಿಕೊಳ್ಳುವವರೂ ಇದ್ದರು. ಪಟ್ಟಿಯನ್ನು ಕಿತ್ತುಹಾಕಿ, ಆ ಹುಡುಗಿಗೂ ಒಂದು ಕೆಲಸ ಕೊಟ್ಟೆ. ಅವಳಿಗೆ ರಂಗೋಲಿಯ ಚುಕ್ಕಿಗಳ ಲೆಕ್ಕ ಚೆನ್ನಾಗಿ ಗೊತ್ತಿತ್ತು. ದಸರೆಗೆ ಬಾಗಿಲಿನ ಮುಂದೆ ಯಾವ ರಂಗೋಲಿ, ಎಷ್ಟು ಚುಕ್ಕಿ, ಯಾವ ಬಣ್ಣ ಎಂಬುದನ್ನು ಅವಳೇ ಪುಸ್ತಕದಲ್ಲಿ ತೋರಿಸಬೇಕು, ಮೂವರು ಹುಡುಗಿಯರು ಹಾಕಬೇಕು. ಮೊದಲ ಸಲ ಅವಳ ಉತ್ತರಕ್ಕಾಗಿ ಉಳಿದವರು ಕಾಯಬೇಕಾಯಿತು. ಕಾಯುವುದನ್ನು ಅವರಿಗೆ ನಾನು ಕಲಿಸಲಿಲ್ಲ, ಉತ್ತರ ಅವರಿಗೆ ಬೇಕಾಗಿತ್ತು, ಅಷ್ಟೇ.

ಠಾಣೆಯ ಸ್ಪೀಚ್ ಥೆರಪಿಸ್ಟ್:

ಟೀಚರ್ ಹೇಳಿದ ‘ಪಾಳಿ’ಯ ಮಾತನ್ನು ನಾನೂ ಅನೇಕ ಶಾಲೆಗಳಲ್ಲಿ ಕಂಡಿದ್ದೇನೆ. ಮೂಲ ಪ್ರಶ್ನೆಗೆ ನನ್ನ ವೃತ್ತಿಯ ಕಡೆಯಿಂದ ಮೂರು ಮಾತು.

ಡೊಂಬಿವಲಿಯ ಅಕ್ಕ ಎಣಿಸಿದ ಏಳು ಒತ್ತುಗಳನ್ನು ಇನ್ನೊಮ್ಮೆ ನೋಡಿ. ಜಾನಿಸ್ ಲೈಟ್ ಎಂಬ ಸಂಶೋಧಕಿ 1988ರಲ್ಲಿ, ಮನುಷ್ಯರು ಪರಸ್ಪರ ಮಾತನಾಡುವುದರ ಹಿಂದೆ ನಾಲ್ಕು ಉದ್ದೇಶಗಳಿರುತ್ತವೆ ಎಂದರು: ಬೇಕು ಬೇಡಗಳನ್ನು ತಿಳಿಸುವುದು, ಮಾಹಿತಿ ಹಂಚಿಕೊಳ್ಳುವುದು, ಒಬ್ಬರಿಗೊಬ್ಬರು ಹತ್ತಿರವಾಗುವುದು, ಮತ್ತು ನಮಸ್ಕಾರ ಧನ್ಯವಾದಗಳಂಥ ಶಿಷ್ಟಾಚಾರ. ನಾವು ದೊಡ್ಡವರು ಮಕ್ಕಳ ಟ್ಯಾಬಿನಲ್ಲಿ ತುಂಬುವುದು ಮೊದಲನೆಯದನ್ನು, ಶಾಲೆಯವರು ಸೇರಿಸುವುದು ಎರಡನೆಯದನ್ನು, ಹೆಚ್ಚೆಂದರೆ ಅಜ್ಜಿಯ ಒತ್ತಾಯಕ್ಕೆ ನಾಲ್ಕನೆಯದನ್ನು. ಮೂರನೆಯದಕ್ಕೆ ಪುಟವೇ ಇರುವುದಿಲ್ಲ. ‘ನೀರು ಬೇಕು’ ಎಂದು ಎಷ್ಟು ಸ್ಪಷ್ಟವಾಗಿ ಹೇಳಿದರೂ ಅದರಿಂದ ಗೆಳೆಯ ಸಿಗುವುದಿಲ್ಲ, ನೀರು ಸಿಗುತ್ತದೆ. ‘ಹಲೋ’ ಆದ ಮೇಲೆ ಅಕ್ಕನ ಮಗ ಬೆರಳಾಡಿಸಿ ಹುಡುಕುತ್ತಿದ್ದದ್ದು ಬಹುಶಃ ಟ್ಯಾಬಿನಲ್ಲಿ ಇಲ್ಲದೇ ಇದ್ದ ಮಾತನ್ನು.

ನಾನು ಮಾಡಿಸುವ ಆಟದ ಪುಟದಲ್ಲಿ ಇರುವ ಕೆಲವು ಗುಂಡಿಗಳು ಹೀಗಿವೆ: ‘ನಿನ್ನ ಡಬ್ಬಿಯಲ್ಲಿ ಏನಿದೆ?’, ‘ನನಗೂ ಸ್ವಲ್ಪ’, ‘ಚೀಟಿಂಗ್!’, ‘ಇನ್ನೊಂದು ಸಲ’, ‘ನಿನ್ನೆಯ ಮ್ಯಾಚ್ ನೋಡಿದೆಯಾ?’, ‘ಬೋರ್’, ‘ಸುಳ್ಳು’, ‘ಟೀಚರ್ ಬಂದ್ರು!’, ‘ತಡಿ, ನನ್ನದಿನ್ನೂ ಮುಗಿದಿಲ್ಲ’. ಈ ಕೊನೆಯದು ಮೊದಲ ಪುಟದಲ್ಲೇ, ಬೆರಳಿಗೆ ಸುಲಭವಾಗಿ ಸಿಗುವ ಮೂಲೆಯಲ್ಲಿ ಇರಬೇಕು. ನಾವು ಬಾಯಿಂದ ನಿಮಿಷಕ್ಕೆ ನೂರೈವತ್ತರ ಆಸುಪಾಸು ಪದ ಆಡುತ್ತೇವೆ. ಟ್ಯಾಬ್ ಬಳಸುವ ಅನೇಕ ಮಕ್ಕಳು ಹದಿನೈದನ್ನೂ ಮುಟ್ಟುವುದಿಲ್ಲ. ಆ ಅಂತರವನ್ನು ಯಂತ್ರ ತುಂಬಲಾರದು, ಕಾಯುವವರು ತುಂಬಬೇಕು. ಕಾಯಿರಿ ಎಂದು ಹೇಳುವ ಹಕ್ಕು ಮಗುವಿನ ಕೈಯಲ್ಲೇ ಇರಲಿ.

ಇನ್ನು ಶ್ಯಾಡೋ ಟೀಚರ್. ದೋಷ ಅವರದ್ದಲ್ಲ, ಅವರಿಗೆ ನಾವು ಕೊಟ್ಟ ಕೆಲಸದ್ದು. 1997ರಲ್ಲಿ ಅಮೆರಿಕದ ಮೈಕೆಲ್ ಜಿಯಾಂಗ್ರೆಕೊ ಮತ್ತು ಸಂಗಡಿಗರು ಸಾಮಾನ್ಯ ಶಾಲೆಗಳ ತರಗತಿಗಳಲ್ಲಿ ಕುಳಿತು ನೋಡಿ ಪ್ರಕಟಿಸಿದ ಅಧ್ಯಯನದಲ್ಲಿ, ಸಹಾಯಕರು ಸದಾ ಮಗ್ಗುಲಲ್ಲೇ ಇರುವುದು ಸಹಪಾಠಿಗಳು ಹತ್ತಿರ ಬರುವುದಕ್ಕೆ ಅಡ್ಡಿಯಾಗುತ್ತದೆಂದು ತೋರಿಸಿದ್ದಾರೆ. ಮಕ್ಕಳ ನಡುವೆ ದೊಡ್ಡವರೊಬ್ಬರು ಕುಳಿತಿದ್ದರೆ ನಾವಾದರೂ ಚಿಕ್ಕಂದಿನಲ್ಲಿ ಅಲ್ಲಿಗೆ ಹೋಗುತ್ತಿದ್ದೆವೇ? ಅವರು ಊಟ ಮಾಡಿಸುವಾಗ ಪಕ್ಕದಲ್ಲಿರಲಿ, ಆಮೇಲೆ ಕಣ್ಣಳತೆಯಲ್ಲಿ, ಕೈಯಳತೆಯ ಆಚೆ ಇರಲಿ.

ಅಂಧೇರಿಯ ತಂದೆ:

ಥೆರಪಿಸ್ಟ್ ಮೇಡಂ, ನಿಮ್ಮ ಮಾತನ್ನು ಗೌರವಿಸುತ್ತಲೇ ಒಂದು ಕಹಿ ಅನುಭವ ಹೇಳುತ್ತೇನೆ. ನನ್ನ ಮಗಳ ಟ್ಯಾಬಿನಲ್ಲಿ ಹೊಸ ಗುಂಡಿ ಸೇರಿಸುವುದನ್ನು ಸಹಪಾಠಿಗಳು ಕಲಿತುಕೊಂಡರು. ಒಂದು ದಿನ ಅದರಲ್ಲಿ ಹಿಂದಿಯ ಬೈಗುಳವೊಂದನ್ನು ಸೇರಿಸಿದರು. ಮಗಳು ಅದನ್ನು ಗಣಿತದ ಪೀರಿಯಡ್‌ನಲ್ಲಿ ಒತ್ತಿದಳು. ಶಾಲೆಯ ಹೆಸರು ಬೇಡ, ಆದರೆ ಅವರು ಮಾಡಿದ್ದೇನೆಂದರೆ ಒಂದು ವಾರ ಟ್ಯಾಬನ್ನು ಆಫೀಸಿನಲ್ಲಿ ಇಟ್ಟುಕೊಂಡದ್ದು. ‘ಎಲೆಕ್ಟ್ರಾನಿಕ್ ಉಪಕರಣಗಳಿಗೆ ಹೇಗೂ ಅನುಮತಿಯಿಲ್ಲ, ನಿಮಗೆ ವಿಶೇಷ ರಿಯಾಯಿತಿ ಕೊಟ್ಟಿದ್ದೆವು’ ಎಂಬ ಮಾತನ್ನೂ ಕೇಳಬೇಕಾಯಿತು. ಗೆಳೆತನಕ್ಕೆಂದು ಟ್ಯಾಬನ್ನು ಎಲ್ಲರ ಕೈಗೆ ಕೊಟ್ಟರೆ ಹೀಗೂ ಆಗುತ್ತದೆ. ಅಂದಿನಿಂದ ನಾನು ಆ ಗುಂಡಿ ಸೇರಿಸುವ ಸೌಲಭ್ಯಕ್ಕೆ ಪಾಸ್‌ವರ್ಡ್ ಹಾಕಿದ್ದೇನೆ, ಮತ್ತು ನಿಜ ಹೇಳಬೇಕೆಂದರೆ ಬೇರೆ ಮಕ್ಕಳು ಹತ್ತಿರ ಬಂದರೆ ನನಗೇ ಭಯವಾಗುತ್ತದೆ.

ಪುಣೆಯ ಓದುಗ:

ನಾನು ಇಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ, ಬರೆಯಲು ನನಗೆ ಹೊತ್ತು ಹಿಡಿಯುತ್ತದೆ. ನನಗೆ ಇಪ್ಪತ್ತಾರು ವರ್ಷ. ನನ್ನ ಮಾತೂ ಬೇರೆಯವರಿಗೆ ತಿಳಿಯುವುದಿಲ್ಲ. ಶಾಲೆಯಲ್ಲಿ ಅಕ್ಷರಫಲಕ ಬಳಸುತ್ತಿದ್ದೆ, ಈಗ ಫೋನ್.

ಅಂಧೇರಿಯ ಸರ್, ನಿಮ್ಮ ಮಗಳಿಗೆ ಆ ಬೈಗುಳ ಸೇರಿಸಿದ ಮಕ್ಕಳನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಬೇರೆ ಯಾವ ಮಗು ಬೈದರೂ ಶಾಲೆ ಒಂದು ವಾರ ಅದರ ಬಾಯಿಗೆ ಪಟ್ಟಿ ಅಂಟಿಸುವುದಿಲ್ಲ. ಬೆಂಚಿನ ಮೇಲೆ ನಿಲ್ಲಿಸುತ್ತಾರೆ, ಡೈರಿಯಲ್ಲಿ ಬರೆಯುತ್ತಾರೆ. ನಿಮ್ಮ ಮಗಳಿಗೂ ಅದೇ ಶಿಕ್ಷೆ ಆಗಬೇಕಿತ್ತು, ಆ ಮಕ್ಕಳ ಜೊತೆಗೇ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ‘ಸಂವಹನ’ ಎಂಬ ಪದದ ವ್ಯಾಖ್ಯೆಯೊಳಗೇ ಮಾತಿಗೆ ಪೂರಕವಾದ ಮತ್ತು ಪರ್ಯಾಯವಾದ ವಿಧಾನಗಳು ಸೇರಿವೆ. ಇಂಥ ವಿಧಾನಗಳ ಬಳಕೆಯನ್ನು ಉತ್ತೇಜಿಸಬೇಕೆಂದು 17ನೆಯ ಕಲಮು ಹೇಳುತ್ತದೆ. ಆದ್ದರಿಂದ ಅದು ರಿಯಾಯಿತಿಯಲ್ಲ. ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆದು, ಟ್ಯಾಬ್ ಎಂದರೆ ಇವಳ ಧ್ವನಿ, ಅದು ಆಟದ ಮೈದಾನದಲ್ಲೂ ಪಿಕ್‌ನಿಕ್‌ನಲ್ಲೂ ಜೊತೆಗಿರಬೇಕು ಎಂದು ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಈಗ ನನ್ನ ಗೆಳೆಯನ ಕಥೆ. ಆರನೆಯ ತರಗತಿಯಲ್ಲಿ ಅವನು ನನ್ನ ಪಕ್ಕ ಕುಳಿತದ್ದು ಪ್ರೀತಿಯಿಂದಲ್ಲ, ನನ್ನ ಬೆಂಚ್ ಫ್ಯಾನಿನ ಕೆಳಗಿತ್ತು ಎಂಬ ಕಾರಣಕ್ಕೆ. ಕನ್ನಡದ ಅಕ್ಷರಫಲಕದಲ್ಲಿ ಒಂದು ತಾಪತ್ರಯವಿದೆ. ನಲವತ್ತೊಂಬತ್ತು ಅಕ್ಷರಗಳಷ್ಟೇ ಸಾಲದು, ಕಾಗುಣಿತದ ಚಿಹ್ನೆಗಳ ಸಾಲು ಬೇರೆ ಬೇಕು. ‘ನಾ’ ಎನ್ನಲು ಮೊದಲು ‘ನ’ ತೋರಿಸಬೇಕು, ಆಮೇಲೆ ಕೈಯನ್ನು ಇನ್ನೊಂದು ತುದಿಗೆ ಎಳೆದು ದೀರ್ಘ ತೋರಿಸಬೇಕು. ಅಷ್ಟರಲ್ಲಿ ಎದುರಿನವರು ಊಹಿಸಲು ಶುರುಮಾಡುತ್ತಾರೆ. ಒಂದು ದಿನ ಗೇಟಿನ ಹತ್ತಿರ ನಾಯಿಯೊಂದು ಇವನ ಚಪ್ಪಲಿ ಕಚ್ಚಿಕೊಂಡು ಹೋಗುತ್ತಿತ್ತು. ನಾನು ‘ನಾ’ ತೋರಿಸಿದೆ. ಇವನು ‘ನಾಳೆ?’ ಎಂದ. ಅಲ್ಲವೆಂದೆ. ‘ನಾನು? ನಾಟಕ? ನಾಟಕ ಮಾಡ್ತಿದ್ದೀಯಾ?’ ಎಂದ. ನಾನು ನಗಲು ಶುರುಮಾಡಿದರೆ ನನ್ನ ಕೈ ನಿಲ್ಲುವುದಿಲ್ಲ, ಫಲಕ ಕೆಳಗೆ ಬಿತ್ತು, ಚಪ್ಪಲಿ ಹೋಯಿತು. ಆ ದಿನದಿಂದ ಅವನು ನನ್ನನ್ನು ‘ನಾಟಕ’ ಎಂದೇ ಕರೆಯುತ್ತಾನೆ, ಇವತ್ತಿಗೂ.

ಆಮೇಲೆ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಾಯಿತು. ನಾನು ಹೆಬ್ಬೆರಳು ಎತ್ತಿದರೆ ಮಾತ್ರ ಊಹಿಸಬಹುದು, ಇಲ್ಲದಿದ್ದರೆ ಪದ ಮುಗಿಯುವವರೆಗೆ ಸುಮ್ಮನಿರಬೇಕು. ಟೀಚರಿಗಿಂತ ಅವನೇ ಇದನ್ನು ಉಳಿದವರಿಗೆ ಹೇಳಿಕೊಟ್ಟ, ಅದೂ ಸಾಕಷ್ಟು ಒರಟಾಗಿ. ಎಂಟನೆಯ ತರಗತಿಯ ಹೊತ್ತಿಗೆ ವಾಟ್ಸ್‌ಆ್ಯಪ್ ಗುಂಪಿಗೆ ನನ್ನನ್ನೂ ಸೇರಿಸಿದರು. ಅಲ್ಲಿ ಎಲ್ಲರೂ ಬೆರಳಿನಿಂದಲೇ ಮಾತನಾಡುತ್ತಾರಲ್ಲ, ನಾನು ತಡವಾಗಿ ಬರೆದರೂ ನನ್ನ ಮುಖ ನೋಡುತ್ತಾ ಯಾರೂ ಕಾಯುತ್ತಿರಲಿಲ್ಲ. ದೊಡ್ಡ ಮಕ್ಕಳಿರುವ ಪಾಲಕರು ಇದನ್ನು ಗಮನಿಸಿ.

ಅಂಧೇರಿಯ ತಂದೆ:

ಪುಣೆಯ ತಮ್ಮ, ನಿಮ್ಮ ಉತ್ತರವನ್ನು ಮಗಳಿಗೆ ಓದಿ ಹೇಳಿದೆ. ‘ಹೆಬ್ಬೆರಳು’ ಎಂಬಲ್ಲಿ ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು. ಅವಳ ವಾಕ್ಯಗಳನ್ನು ನಾನೇ ಮುಗಿಸುತ್ತೇನೆಂದು ನನಗೆ ಆಗ ಹೊಳೆಯಿತು. ಪತ್ರ ಬರೆಯುತ್ತೇನೆ. ಪಾಸ್‌ವರ್ಡ್ ತೆಗೆಯುವ ಬಗ್ಗೆ ಇನ್ನೂ ಯೋಚಿಸುತ್ತಿದ್ದೇನೆ.

ವಾಸ್ಕೋದ ಅಕ್ಕ:

ಗೋವೆಯಲ್ಲಿರುವ ನಮಗೆ ಇನ್ನೊಂದು ತೊಡಕು. ನಮ್ಮದು ವಿಜಯಪುರದ ಕಡೆಯ ಕುಟುಂಬ. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್, ಆಟದಲ್ಲಿ ಹಿಂದಿ ಮತ್ತು ಕೊಂಕಣಿ. ನನ್ನ ತಂಗಿಯ ಮಗನ ಟ್ಯಾಬು ಶುದ್ಧ ಇಂಗ್ಲಿಷ್‌ನಲ್ಲಿ, ದೊಡ್ಡ ಹೆಂಗಸಿನ ಧ್ವನಿಯಲ್ಲಿ ಮಾತನಾಡುತ್ತಿತ್ತು. ಲಗೋರಿ ಆಡುವ ಮಕ್ಕಳ ನಡುವೆ ವಿಮಾನ ನಿಲ್ದಾಣದ ಪ್ರಕಟಣೆ ಕೇಳಿದಂತಾಗುತ್ತಿತ್ತು. ಮಕ್ಕಳು ನಗುತ್ತಿದ್ದರು, ಕೆಟ್ಟ ಮನಸ್ಸಿನಿಂದಲ್ಲ, ನನಗೂ ನಗು ಬರುತ್ತಿತ್ತು. ಆ್ಯಪ್‌ನಲ್ಲಿ ಧ್ವನಿ ರೆಕಾರ್ಡ್ ಮಾಡುವ ಸೌಲಭ್ಯವಿತ್ತು. ಅವನ ವಯಸ್ಸಿನ ಅಣ್ಣನೊಬ್ಬ, ಅಂದರೆ ನನ್ನ ಮಗ, ಮೈದಾನದ ಇಪ್ಪತ್ತು ಮಾತುಗಳನ್ನು ಅಲ್ಲಿನ ಮಕ್ಕಳಿಂದಲೇ ಕೇಳಿ ತಿಳಿದು ರೆಕಾರ್ಡ್ ಮಾಡಿಕೊಟ್ಟ: ‘ಚಲ್ ನಾ’, ‘ಔಟ್ ಹೈ’, ‘ಮೇರಾ ದಾಂವ್’ ಇಂಥವು. ಯಾವ ಪದ ಬೇಕೆಂದು ದೊಡ್ಡವರು ಕುಳಿತು ಯೋಚಿಸುವುದಕ್ಕಿಂತ ಮಕ್ಕಳನ್ನೇ ಕೇಳುವುದು ಲೇಸು. ನನ್ನ ಪಟ್ಟಿಯಲ್ಲಿದ್ದ ‘ನಾನೂ ನಿಮ್ಮೊಂದಿಗೆ ಆಡಬಹುದೇ’ ಎಂಬ ವಾಕ್ಯವನ್ನು ನೋಡಿ ನನ್ನ ಮಗ, ‘ಅಮ್ಮಾ, ಹೀಗೆ ಕೇಳಿದರೆ ಯಾರೂ ಸೇರಿಸಿಕೊಳ್ಳುವುದಿಲ್ಲ’ ಎಂದ.

ಮೈದಾನದ ಬಿಸಿಲಿನಲ್ಲಿ ಟ್ಯಾಬಿನ ಪರದೆ ಕಾಣಿಸುವುದಿಲ್ಲ, ಮಳೆಯಲ್ಲಿ ಹೊರಗೆ ತೆಗೆಯಲಾಗುವುದಿಲ್ಲ ಎಂಬುದನ್ನೂ ಮರೆಯಬೇಡಿ. ಅದೇ ಪುಟಗಳನ್ನು ಕಾಗದದಲ್ಲೂ ಇಟ್ಟುಕೊಳ್ಳಿ. 2023ರ ಜನವರಿಯಲ್ಲಿ ಪಣಜಿಯಲ್ಲಿ ಅಂಗವಿಕಲರ ಉತ್ಸವವಾದ ಪರ್ಪಲ್ ಫೆಸ್ಟ್ ಮೊದಲ ಸಲ ನಡೆದಾಗ ಅವನನ್ನು ಕರೆದುಕೊಂಡು ಹೋಗಿದ್ದೆವು. ಇಷ್ಟೊಂದು ಬಗೆಯಲ್ಲಿ ಮಾತನಾಡುವ ದೊಡ್ಡವರನ್ನು ಅವನು ಅಲ್ಲಿಯವರೆಗೆ ಕಂಡಿರಲಿಲ್ಲ. ಅಲ್ಲಿಂದ ಬಂದ ಮೇಲೆ ಟ್ಯಾಬನ್ನು ಚೀಲದೊಳಗೆ ಬಚ್ಚಿಡುವುದನ್ನು ಬಿಟ್ಟ.

ಘಾಟ್‌ಕೋಪರ್‌ನ ಕ್ರೀಡಾ ಶಿಕ್ಷಕ:

ಇಂಥ ಮಕ್ಕಳನ್ನು ಕ್ರಿಕೆಟ್‌ನಲ್ಲಿ ಅಂಪೈರ್ ಮಾಡುವುದು ಒಳ್ಳೆಯ ಉಪಾಯ. ಎರಡೇ ಗುಂಡಿ ಸಾಕು, ಔಟ್ ಮತ್ತು ನಾಟೌಟ್.

ಪುಣೆಯ ಓದುಗ:

ಸರ್, ನನ್ನನ್ನು ಮೂರು ವರ್ಷ ಅಂಪೈರ್ ಮಾಡಿದ್ದರು. ಅಂಪೈರಿಗೆ ಯಾವ ತಂಡದಲ್ಲೂ ಗೆಳೆಯರಿರುವುದಿಲ್ಲ, ಎರಡೂ ತಂಡದವರು ಬೈಯುತ್ತಾರೆ. ಒಂದು ತಂಡದೊಳಗೆ ಕೆಲಸ ಕೊಡಿ. ಯಾರು ಮೊದಲು ಬ್ಯಾಟ್ ಮಾಡಬೇಕು, ಕೊನೆಯ ಓವರ್ ಯಾರಿಗೆ ಎಂದು ಹೇಳುವವನಾದರೆ ಸೋತಾಗ ಎಲ್ಲರ ಜೊತೆ ಸೇರಿ ಸೋಲುತ್ತೇವೆ.

ಠಾಣೆಯ ಸ್ಪೀಚ್ ಥೆರಪಿಸ್ಟ್:

ವಾಸ್ಕೋದ ಅಕ್ಕನ ಭಾಷೆಯ ಮಾತಿಗೆ ಒಂದು ಸೇರ್ಪಡೆ. ಪೊವಾಯಿಯ ಐಐಟಿ ಬಾಂಬೆಯಲ್ಲಿ ರೂಪಿಸಿದ ಜೆಲ್ಲೋ ಎಂಬ ಆ್ಯಪ್ ಉಚಿತವಾಗಿದ್ದು ಹಿಂದಿ, ಮರಾಠಿಗಳಲ್ಲೂ ಸಿಗುತ್ತದೆ. ಚೆನ್ನೈಯಲ್ಲಿ ತಯಾರಾದ ಆವಾಜ್ ಕೂಡ ಭಾರತೀಯ ಭಾಷೆಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದೇ. ಯಾವುದನ್ನು ಬಳಸಿದರೂ ತರಗತಿಯ ಮಕ್ಕಳಿಗೆ ಒಮ್ಮೆ ಅದರಲ್ಲಿ ತಾವೇ ಮಾತನಾಡಿ ನೋಡಲು ಬಿಡಿ, ಮಗುವಿನ ಅನುಮತಿ ಕೇಳಿ. ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಚಿತ್ರ ಒತ್ತಿಯೇ ‘ನಿನ್ನೆ ನಾನು ಏನು ತಿಂದೆ’ ಎಂದು ಹೇಳಬೇಕೆಂದರೆ, ನಿಧಾನವೇಕೆ ಎಂಬ ಪ್ರಶ್ನೆ ಅವರೇ ಬಿಡುತ್ತಾರೆ. ಇದು ಭಾಷಣಕ್ಕಿಂತ ಬೇಗ ನಾಟುತ್ತದೆ. ಆದರೆ ಇದನ್ನು ಒಂದೇ ದಿನದ ‘ಜಾಗೃತಿ ಕಾರ್ಯಕ್ರಮ’ ಮಾಡಿ, ಫೋಟೋ ತೆಗೆದು ಮುಗಿಸುವ ಶಾಲೆಗಳ ಮೇಲೆ ನನಗೆ ನಂಬಿಕೆಯಿಲ್ಲ.

ಮಾಟುಂಗಾದ ನಿವೃತ್ತ ಶಿಕ್ಷಕಿ:

ನಮ್ಮ ಮುಂಬಯಿಗೆ ಇದು ಹೊಸ ವಿಷಯವೇನಲ್ಲ. ಮಿಥು ಅಲೂರ್ ಅವರು 1972ರಲ್ಲೇ ಇಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗಾಗಿ ಸ್ಪಾಸ್ಟಿಕ್ಸ್ ಸೊಸೈಟಿಯನ್ನು ಆರಂಭಿಸಿದ್ದು ತಮ್ಮ ಮಗಳಿಗೆ ಶಾಲೆ ಸಿಗದಿದ್ದ ಕಾಲದಲ್ಲಿ. ಆ ಮಗಳು ಮಾಲಿನಿ ಚಿಬ್ ಒಂದೇ ಕಿರುಬೆರಳಿನಿಂದ ಟೈಪ್ ಮಾಡಿ ತಮ್ಮ ಜೀವನವನ್ನು ಬರೆದಿದ್ದಾರೆ. ನಾನು ಅದನ್ನು ಓದಿದ್ದು ನಿವೃತ್ತಿಯಾದ ಮೇಲೆ, ಮೊದಲೇ ಓದಬೇಕಿತ್ತು.

ಡೊಂಬಿವಲಿಯ ತಾಯಿ:

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಮೊದಲು ಮಾಡಿದ್ದು ಶ್ಯಾಡೋ ಟೀಚರ್ ಜೊತೆ ಮಾತು. ಅವರಿಗೆ ಬೇಸರವಾಗಬಹುದೆಂದು ಹೆದರಿದ್ದೆ. ‘ನಾನು ಸುಮ್ಮನೆ ಕುಳಿತರೆ ಸಂಬಳಕ್ಕೆ ಕೆಲಸ ಮಾಡುತ್ತಿಲ್ಲವೆಂದು ನೀವು ತಿಳಿಯುತ್ತೀರೆಂದು ಭಯವಿತ್ತು’ ಎಂದರು ಅವರು. ಈಗ ಡಬ್ಬಿ ಮುಗಿದ ಮೇಲೆ ಎರಡು ಬೆಂಚು ಹಿಂದೆ ಹೋಗಿ ನೋಟ್‌ಬುಕ್ ತಿದ್ದುತ್ತಾರೆ.

ಮಂಗಳವಾರ ಮತ್ತು ಶುಕ್ರವಾರ ಹಾವು ಏಣಿ ಆಟ. ನಾಲ್ಕೇ ಜನ, ಏಕೆಂದರೆ ಹಲಗೆಯ ಸುತ್ತ ಅಷ್ಟೇ ಜಾಗ. ಯಾರನ್ನೂ ಟೀಚರ್ ಆರಿಸಲಿಲ್ಲ, ಆಟ ಬೇಕಾದವರು ಬಂದರು. ಅಂದು ‘ಹಲೋ’ ಎಂದು ಹೊರಟುಹೋದ ಡಬ್ಬಿಯ ಹುಡುಗನೂ ಬಂದ. ಆಟದ ಪುಟವನ್ನು ಅವನೇ ತಿದ್ದಿಸಿದ. ನಾನು ಹಾಕಿದ್ದ ‘ತುಂಬಾ ಚೆನ್ನಾಗಿದೆ’ ತೆಗೆಸಿ ಮರಾಠಿಯ ‘ಲಯ್ ಭಾರಿ’ ಸೇರಿಸಿದ, ನನ್ನ ಅಕ್ಕನ ಮಗನ ಧ್ವನಿಯಲ್ಲಿ.

ಎಲ್ಲವೂ ಚೆಂದವಾಗಿದೆ ಎನ್ನಲಾರೆ. ಒಬ್ಬಳು ಎರಡು ವಾರ ಬಂದು ಬಿಟ್ಟಳು, ಆಟ ನಿಧಾನ ಎಂದಳಂತೆ. ಕಳೆದ ಶುಕ್ರವಾರ ಜಗಳವೂ ಆಯಿತು. ಡಬ್ಬಿಯ ಹುಡುಗ ದಾಳವನ್ನು ಎರಡು ಸಲ ಎಸೆದನಂತೆ. ನನ್ನ ಮಗ ‘ಚೀಟಿಂಗ್’ ಗುಂಡಿಯನ್ನು ಬಿಡದೆ ಒತ್ತಿದನಂತೆ, ಅದು ಕಾರಿಡಾರಿನ ತುದಿಯವರೆಗೂ ಕೇಳಿಸಿತಂತೆ. ಸಂಜೆ ಆ ಹುಡುಗನ ತಾಯಿ ಫೋನ್ ಮಾಡಿದರು. ಹೆದರುತ್ತಲೇ ಎತ್ತಿದೆ. ‘ನಿಮ್ಮ ಮಗನ ಮೇಲೆ ನನ್ನವನಿಗೆ ಭಾರೀ ಸಿಟ್ಟು, ಊಟಕ್ಕೂ ಏಳುತ್ತಿಲ್ಲ’ ಎಂದರು. ಆಮೇಲೆ ಅವನೇ ಫೋನ್ ಕಿತ್ತುಕೊಂಡು, ‘ಆಂಟಿ, ಮಂಗಳವಾರ ಟ್ಯಾಬ್ ಫುಲ್ ಚಾರ್ಜ್ ಮಾಡಿ ಕಳಿಸಿ, ಹೋದ ಸಲ ಅರ್ಧದಲ್ಲೇ ಬಂದ್ ಆಯ್ತು’ ಎಂದ.

ಮಳೆ ಜೋರಾಗಿದೆ. ಆಟದ ಪುಟವನ್ನು ಕಾಗದದಲ್ಲೂ ಮಾಡಿಸಬೇಕು. ಯಾವ ಅಳತೆ ಒಳ್ಳೆಯದು?

ವಾಸ್ಕೋದ ಅಕ್ಕ:

ಎ4 ಅಳತೆ, ಎರಡೂ ಬದಿ, ಒಂದು ಪುಟಕ್ಕೆ ಹನ್ನೆರಡಕ್ಕಿಂತ ಹೆಚ್ಚು ಚಿತ್ರ ಬೇಡ. ಜೆರಾಕ್ಸ್ ಅಂಗಡಿಯಲ್ಲಿ ಹೊಳೆಯುವ ಲ್ಯಾಮಿನೇಷನ್ ಬೇಡ, ಮ್ಯಾಟ್ ಕೇಳಿ, ಇಲ್ಲದಿದ್ದರೆ ಟ್ಯೂಬ್‌ಲೈಟ್ ಕೆಳಗೆ ಏನೂ ಕಾಣುವುದಿಲ್ಲ. ಮೂಲೆಗಳನ್ನು ದುಂಡಗೆ ಕತ್ತರಿಸಿಸಿ, ಚುಚ್ಚುತ್ತವೆ. ಎರಡು ಪ್ರತಿ ಮಾಡಿಸಿ, ಒಂದು ಡಬ್ಬಿಯ ಹುಡುಗನ ಬ್ಯಾಗಿನಲ್ಲಿ ಇರಲಿ.